ಪದಚರ್ಚೆ: ‘ಒಂದೇ ಬಗೆಯ ಅಂಕಣದಲ್ಲಿ ಅತಿ ಹೆಚ್ಚು ಫೈನಲ್’ ಎನ್ನುವುದನ್ನು ಹೇಗೆ ಬರೆಯಬೇಕು?

ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಟೆನಿಸ್ ದಾಖಲೆಗಳ ಕನ್ನಡ ಪಟ್ಟಿಯೊಂದು ತಯಾರಾಗುತ್ತಿದೆ. ಮಣ್ಣು, ಹುಲ್ಲು, ಹಾರ್ಡ್ ಕೋರ್ಟ್ ಎಂದು ಬೇರೆ ಬೇರೆ ಮಾಡಿ, ಒಂದೊಂದರಲ್ಲೂ ಅತಿ ಹೆಚ್ಚು ಸಲ ಫೈನಲ್ ತಲುಪಿದವರ ಹೆಸರು ಕೊಡಬೇಕು. ತಲೆಬರಹದಲ್ಲೇ ಒಮ್ಮತವಿಲ್ಲ. ‘ಒಂದೇ ಅಂಗಣದಲ್ಲಿ ಅತಿ ಹೆಚ್ಚು ಫೈನಲ್ಸ್ ಆಡಿದ ದಾಖಲೆವೀರರು’ ಎಂದು ಒಬ್ಬರು ಬರೆದಿದ್ದಾರೆ. ‘ಏಕ ಮೇಲ್ಮೈಯಲ್ಲಿ ಅತ್ಯಧಿಕ ಅಂತಿಮ ಸುತ್ತು ಪ್ರವೇಶಿಸಿದವರು’ ಎಂದು ಇನ್ನೊಬ್ಬರು. ಅಂಗಣ ಸರಿಯೋ, ಅಂಕಣ ಸರಿಯೋ? ಕ್ಲೇ ಕೋರ್ಟಿಗೆ ಆವೆಮಣ್ಣು ಎನ್ನಬೇಕೋ, ಜೇಡಿಮಣ್ಣು ಎನ್ನಬೇಕೋ? ಫೈನಲ್ ‘ಆಡಿದ’, ‘ತಲುಪಿದ’, ‘ಪ್ರವೇಶಿಸಿದ’ ಇವುಗಳಲ್ಲಿ ಏನಾದರೂ ವ್ಯತ್ಯಾಸವಿದೆಯೇ? ಬಲ್ಲವರು ತಿಳಿಸಿಕೊಡಬೇಕು.

ಉತ್ತರ 1:

ಮಾನ್ಯರೇ,

ಮೊದಲು ಅಂಗಣದ ವಿಷಯ. ಇಂಥ ಪಟ್ಟಿಗಳಲ್ಲಿ ಹೆಚ್ಚಿನ ತಪ್ಪು ಹುಟ್ಟುವುದು ಅಲ್ಲೇ. ‘ಒಂದೇ ಅಂಗಣದಲ್ಲಿ’ ಎಂದು ಓದಿದ ಕೂಡಲೇ ನಮ್ಮ ಮನಸ್ಸಿಗೆ ಬರುವುದು ಒಂದು ಜಾಗ: ವಿಂಬಲ್ಡನ್, ಪ್ಯಾರಿಸ್, ಮೆಲ್ಬರ್ನ್. ನೀವು ಕೊಡಲು ಹೊರಟಿರುವುದು ಜಾಗದ ದಾಖಲೆಯಲ್ಲ, ನೆಲದ ಬಗೆಯ ದಾಖಲೆ. ಇವೆರಡರ ಸಂಖ್ಯೆ ಬೇರೆ, ಎಷ್ಟೋ ಕಡೆ ಹೆಸರೂ ಬೇರೆ.

ರೋಜರ್ ಫೆಡರರ್ ಅವರ ಲೆಕ್ಕವನ್ನೇ ಬಿಡಿಸಿ ನೋಡಿ. ವಿಂಬಲ್ಡನ್ ಫೈನಲ್ ತಲುಪಿದ್ದು 12 ಸಲ: 2003ರಿಂದ 2009ರವರೆಗೆ ಬಿಡದೆ 7, ಆಮೇಲೆ 2012, 2014, 2015, 2017, 2019. ಗೆದ್ದದ್ದು 8. ಇದು ಒಂದು ಟೂರ್ನಿಯ ದಾಖಲೆ. ಹುಲ್ಲಿನ ಲೆಕ್ಕ ಬೇಕೆಂದರೆ ಇದಕ್ಕೆ ಜರ್ಮನಿಯ ಹಾಲೆ ಟೂರ್ನಿಯ 13 ಫೈನಲ್ ಸೇರಿಸಬೇಕು (ಅಲ್ಲಿ 10 ಗೆಲುವು), 2018ರ ಸ್ಟುಟ್‌ಗಾರ್ಟ್ ಗೆಲುವನ್ನೂ ಸೇರಿಸಬೇಕು. ಅಲ್ಲಿಗೆ 26. ಇನ್ನೂ ಒಂದು ಉಳಿಯುತ್ತದೆ. 2012ರ ಲಂಡನ್ ಒಲಿಂಪಿಕ್ಸ್ ಟೆನಿಸ್ ನಡೆದದ್ದು ವಿಂಬಲ್ಡನ್ನಿನಲ್ಲೇ. ಆ ವರ್ಷ ಜುಲೈ 8ರಂದು ಸೆಂಟರ್ ಕೋರ್ಟಿನಲ್ಲಿ ಫೆಡರರ್ ಆಂಡಿ ಮರ್ರೆಯನ್ನು ಸೋಲಿಸಿ ವಿಂಬಲ್ಡನ್ ಗೆದ್ದರು. ಆಗಸ್ಟ್ 5ರಂದು ಅದೇ ಸೆಂಟರ್ ಕೋರ್ಟಿನಲ್ಲಿ ಅದೇ ಮರ್ರೆಗೆ ಒಲಿಂಪಿಕ್ ಫೈನಲ್ ಸೋತರು. ಮೊದಲನೆಯದು ವಿಂಬಲ್ಡನ್ ಫೈನಲ್. ಎರಡನೆಯದು ಅಲ್ಲ, ಆದರೆ ಹುಲ್ಲಿನಂಕಣದ ಫೈನಲ್ ಹೌದು. ಒಟ್ಟು 27 ಫೈನಲ್, 19 ಪ್ರಶಸ್ತಿ. ‘ಒಂದೇ ಅಂಗಣದಲ್ಲಿ’ ಎಂದು ಬರೆದರೆ ಓದುಗರಿಗೆ 12 ಎಂದು ಅರ್ಥವಾಗಬೇಕೋ, ಒಲಿಂಪಿಕ್ಸ್ ಸೇರಿ 13 ಎಂದೋ, 27 ಎಂದೋ? ಮೂರಕ್ಕೂ ಆ ಮಾತು ಹೊಂದುತ್ತದೆ. ಹಾಗಾಗಿಯೇ ಅದು ಬೇಡ.

ಟೂರ್ನಿ ಒಂದೇ ಇದ್ದು ನೆಲ ಬದಲಾದ ಉದಾಹರಣೆಯೂ ಇದೆ. ಅಮೆರಿಕ ಓಪನ್ 1974ರವರೆಗೆ ಹುಲ್ಲಿನ ಮೇಲೆ, 1975ರಿಂದ 77ರವರೆಗೆ ಹಾರ್-ಟ್ರೂ ಎಂಬ ಅಮೆರಿಕದ ಕ್ಲೇ ಮೇಲೆ, 1978ರಿಂದ ಫ್ಲಶಿಂಗ್ ಮೆಡೋಸ್‌ನ ಹಾರ್ಡ್ ಕೋರ್ಟ್ ಮೇಲೆ ನಡೆದಿದೆ. ಜಿಮ್ಮಿ ಕಾನರ್ಸ್ 1974ರಿಂದ 1978ರವರೆಗೆ ಅಲ್ಲಿ ಸತತ 5 ಫೈನಲ್ ತಲುಪಿದರು. ಹುಲ್ಲಿನಲ್ಲಿ 1, ಕ್ಲೇಯಲ್ಲಿ 3, ಹಾರ್ಡ್ ಕೋರ್ಟಿನಲ್ಲಿ 1. ಮೂರೂ ನೆಲದಲ್ಲಿ ಆ ಪ್ರಶಸ್ತಿ ಗೆದ್ದವರು ಅವರು. ಕ್ರಿಸ್ ಎವರ್ಟ್ ಅಲ್ಲಿ ತಲುಪಿದ್ದು 9 ಫೈನಲ್. ಅವುಗಳಲ್ಲಿ 1975, 76, 77ರವು ಕ್ಲೇ ಪಟ್ಟಿಗೆ, ಉಳಿದ 6 ಹಾರ್ಡ್ ಕೋರ್ಟ್ ಪಟ್ಟಿಗೆ ಹೋಗಬೇಕು. ಆಸ್ಟ್ರೇಲಿಯನ್ ಓಪನ್ ಕೂಡ ಹೀಗೆಯೇ. 1987ರವರೆಗೆ ಹುಲ್ಲು, 1988ರಿಂದ ಹಾರ್ಡ್ ಕೋರ್ಟ್. ಮ್ಯಾಟ್ಸ್ ವಿಲಾಂಡರ್ 1983 ಮತ್ತು 84ರಲ್ಲಿ ಅದನ್ನು ಗೆದ್ದದ್ದು ಹುಲ್ಲಿನ ಮೇಲೆ, 1988ರಲ್ಲಿ ಗೆದ್ದದ್ದು ಹಾರ್ಡ್ ಕೋರ್ಟ್ ಮೇಲೆ. ಟೂರ್ನಿಯ ಹೆಸರು ನೋಡಿ ನೆಲ ಊಹಿಸಿದರೆ ಪಟ್ಟಿ ಕೆಡುವುದು ಇಲ್ಲೇ. ಇಸವಿ ನೋಡಿಯೇ ತುಂಬಬೇಕು.

ಇನ್ನು ಅಂಕಣ, ಅಂಗಣ. ಪತ್ರಿಕೆಗಳಲ್ಲಿ ಎರಡೂ ಓಡಾಡುತ್ತವೆ. ನನ್ನ ಮತ ಅಂಕಣದ ಕಡೆಗೆ. ಅಂಗಣವೆಂದರೆ ಅಂಗಳ, ಬಯಲು, ಆವರಣ. ಕ್ರೀಡಾಂಗಣವೆಂದಾಗ ಗ್ಯಾಲರಿಯೂ ಸೇರಿಕೊಳ್ಳುತ್ತದೆ. ಅಂಕಣ ಅಳತೆ ಇರುವ, ಎಲ್ಲೆ ಕಟ್ಟಿದ ಜಾಗ. ಕಂಬದಿಂದ ಕಂಬಕ್ಕೆ ಅಳೆದು ಮೂರಂಕಣದ ಮನೆ ಎನ್ನುತ್ತೇವಲ್ಲ, ಹಾಗೆ. ಟೆನಿಸ್ ಕೋರ್ಟೂ ಗೆರೆ ಎಳೆದ ಜಾಗವೇ: ಉದ್ದ 23.77 ಮೀಟರ್, ಅಗಲ ಸಿಂಗಲ್ಸ್‌ಗೆ 8.23, ಡಬಲ್ಸ್‌ಗೆ 10.97. ಕರಾವಳಿಯ ಕೋಳಿ ಅಂಕದಲ್ಲಿರುವ ಸೆಣಸಾಟದ ಅರ್ಥವೂ ಈ ಪದಕ್ಕೆ ಹತ್ತಿರದ್ದು. ಇನ್ನೂ ಒಂದು ಅನುಕೂಲವಿದೆ. ಟೆನಿಸ್‌ನಲ್ಲಿ ಛಾವಣಿಯ ಕೆಳಗೆ ಆಡುವುದನ್ನು ಒಳಾಂಗಣ, ಬಯಲಲ್ಲಿ ಆಡುವುದನ್ನು ಹೊರಾಂಗಣ ಎಂದು ಈಗಾಗಲೇ ಕರೆಯುತ್ತೇವೆ. ಕೋರ್ಟಿಗೂ ಅಂಗಣ ಎಂದರೆ ‘ಒಳಾಂಗಣ ಆವೆಮಣ್ಣಿನ ಅಂಗಣ’ ಎಂದು ಬರೆಯುವ ಪಾಡು ಬರುತ್ತದೆ. ಸ್ಟುಟ್‌ಗಾರ್ಟ್‌ನ ಮಹಿಳಾ ಟೂರ್ನಿ ನಡೆಯುವುದು ಛಾವಣಿಯ ಕೆಳಗಿನ ಕ್ಲೇ ಮೇಲೆ, ಆದ್ದರಿಂದ ಇದು ಬರೀ ಊಹೆಯ ಮಾತಲ್ಲ. ‘ಒಳಾಂಗಣದ ಆವೆಮಣ್ಣಿನ ಅಂಕಣ’ ಎಂದರೆ ತೊಡಕಿಲ್ಲ.

ಮೇಲ್ಮೈ ತಪ್ಪಲ್ಲ, ಆದರೆ ಅದು ವಿಜ್ಞಾನ ಪಾಠದ ಪದ. ‘ಏಕ ಮೇಲ್ಮೈಯಲ್ಲಿ’ ಎಂದು ಯಾರೂ ಮಾತಾಡುವುದಿಲ್ಲ. ‘ಒಂದೇ ಬಗೆಯ ಅಂಕಣದಲ್ಲಿ’ ಎಂದರೆ ಸಾಕು. ಅಂಕಣವನ್ನು ಯಾವುದರಿಂದ ಮಾಡಿದ್ದಾರೆ ಎಂದು ವಿವರಿಸುವಾಗ ಮೇಲ್ಮೈ ಬರಲಿ.

ಆವೆಮಣ್ಣು, ಜೇಡಿಮಣ್ಣು ಎರಡೂ ಕುಂಬಾರರ ಕೈಗೆ ಅಂಟುವ ಮಣ್ಣಿನ ಹೆಸರುಗಳು. ಫ್ರೆಂಚ್ ಓಪನ್ ನಡೆಯುವ ಪ್ಯಾರಿಸ್ಸಿನ ರೋಲಂಡ್ ಗ್ಯಾರೋಸ್‌ನಲ್ಲಿ ಆಟಗಾರರ ಕಾಲಡಿ ಇರುವುದು ಹಾಗೆ ಅಂಟುವ ಮಣ್ಣಲ್ಲ, ಸುಟ್ಟ ಇಟ್ಟಿಗೆಯ ಪುಡಿ. ಅದೂ 1–2 ಮಿಲಿಮೀಟರ್ ಮಾತ್ರ. ಅದರ ಕೆಳಗೆ 6–7 ಸೆಂಟಿಮೀಟರ್ ದಪ್ಪಕ್ಕೆ ಬಿಳಿ ಸುಣ್ಣಕಲ್ಲಿನ ಪುಡಿ, ಅದರಡಿ ಕಲ್ಲಿದ್ದಲು ಸುಟ್ಟುಳಿದ ಕಿಟ್ಟ, ಎಲ್ಲಕ್ಕೂ ಕೆಳಗೆ ಜಲ್ಲಿ. ನೀರು ಹಿಡಿದಿಡುವುದು ಸುಣ್ಣಕಲ್ಲಿನ ಪದರ. ಬಣ್ಣ ಕೊಡುವುದು, ಜಾರಲು ಬಿಡುವುದು ಮೇಲಿನ ಇಟ್ಟಿಗೆ ಪುಡಿ. ಚೆಂಡು ಬಿದ್ದಾಗ ಸಡಿಲ ಪುಡಿ ಅದರ ವೇಗ ಕುಗ್ಗಿಸುತ್ತದೆ, ಪುಟಿತ ಎತ್ತರವಾಗುತ್ತದೆ, ಬಿದ್ದ ಗುರುತೂ ಉಳಿಯುತ್ತದೆ. ಒಣಗಿದರೆ ಪುಡಿ ಹಾರಿಹೋಗಿ ಅಂಕಣ ನುಣುಪಾಗಿ ಚೆಂಡು ಓಡತೊಡಗುತ್ತದೆ. ನೀರು ಹೆಚ್ಚಾದರೆ ಚೆಂಡು ತೇವ ಹೀರಿ ಭಾರವಾಗುತ್ತದೆ. ಅದಕ್ಕೇ ಮತ್ತೆ ಮತ್ತೆ ಬಲೆ ಎಳೆದು ಪುಡಿ ಹರಡುವುದು, ನೀರು ಚಿಮುಕಿಸುವುದು.

ಹಾಗಂತ ಆವೆಮಣ್ಣನ್ನು ಕೈಬಿಡಬೇಕೆಂದು ಹೇಳುವುದಿಲ್ಲ. ‘ಆವೆಮಣ್ಣಿನ ಅಂಕಣ’ ಕ್ರೀಡಾಪುಟಗಳಲ್ಲಿ ಬೇರೂರಿದೆ, ಓದುಗರಿಗೆ ತಕ್ಷಣ ಗೊತ್ತಾಗುತ್ತದೆ. ಹೆಸರಾಗಿ ಅದು ಇರಲಿ. ಕ್ಲೇ ಕೋರ್ಟ್ ಎಂದು ಬರೆದರೂ ಏನೂ ಕೊರತೆಯಿಲ್ಲ. ಬೇಡವೆನ್ನುವುದು ‘ಕೆಮ್ಮಣ್ಣಿನ ಅಂಕಣ’ ಎಂಬುದನ್ನು. ಹಾರ್-ಟ್ರೂ ಹಸಿರು ಛಾಯೆಯದು, ಬಸಾಲ್ಟ್ ಜಾತಿಯ ಕಲ್ಲನ್ನು ಪುಡಿ ಮಾಡಿದ್ದು. 2012ರಲ್ಲಿ ಮ್ಯಾಡ್ರಿಡ್ ಟೂರ್ನಿ ನೀಲಿ ಕ್ಲೇ ಮೇಲೆ ನಡೆಯಿತು. ವಿಪರೀತ ಜಾರುತ್ತದೆ ಎಂದು ಆಟಗಾರರು ತಕರಾರು ತೆಗೆದದ್ದರಿಂದ ಮರುವರ್ಷವೇ ಅದನ್ನು ಕೈಬಿಟ್ಟರು. ಫೈನಲ್‌ನಲ್ಲಿ ಬರ್ಡಿಕ್ ಅವರನ್ನು ಸೋಲಿಸಿ ಫೆಡರರ್ ಪಡೆದ ಆ ಪ್ರಶಸ್ತಿಯೂ ಕ್ಲೇ ಲೆಕ್ಕಕ್ಕೇ ಸೇರಿದೆ. ಬಣ್ಣದ ಹೆಸರು ಹಿಡಿದರೆ ಇವೆಲ್ಲ ಹೊರಗುಳಿಯುತ್ತವೆ.

ಹಾರ್ಡ್ ಕೋರ್ಟನ್ನು ಹಾಗೇ ಬಿಡಿ. ‘ಗಟ್ಟಿ ಅಂಕಣ’ ಎಂದರೆ ಹುಲ್ಲಿನ ಅಂಕಣ ಮೆತ್ತಗಿದೆ ಎಂಬ ಅರ್ಥ ಬರುತ್ತದೆ. ‘ಸಿಮೆಂಟ್ ಅಂಕಣ’ವೂ ನಿಜವಲ್ಲ, ಕಾಂಕ್ರೀಟ್ ಅಥವಾ ಡಾಂಬರಿನ ತಳದ ಮೇಲೆ ಮರಳು ಬೆರೆಸಿದ ಅಕ್ರಿಲಿಕ್ ಬಣ್ಣದ ಪದರಗಳು ಅಲ್ಲಿರುತ್ತವೆ. ಹುಲ್ಲಿಗೆ ‘ಹುಲ್ಲಿನಂಕಣ’ ಚೆನ್ನಾಗಿದೆ.

ಈಗ ಕ್ರಿಯಾಪದ. ದಾಖಲೆಯ ವಾಕ್ಯದಲ್ಲಿ ತೂಕವೆಲ್ಲ ಇರುವುದು ಇದರ ಮೇಲೆ. ‘ತಲುಪಿದ’ ಎಂದೇ ಬರೆಯಿರಿ. ‘ಆಡಿದ’ ಎಂದರೆ ಕೆಲವು ಕಡೆ ಒಂದು ಸಂಖ್ಯೆ ತಪ್ಪುತ್ತದೆ. 2014ರ ನವೆಂಬರ್‌ನಲ್ಲಿ ಲಂಡನ್ನಿನ ಎಟಿಪಿ (ವೃತ್ತಿಪರ ಪುರುಷ ಆಟಗಾರರ ಸಂಘ) ಟೂರ್ನಿಯ ಫೈನಲ್ ತಲುಪಿದ ಫೆಡರರ್ ಬೆನ್ನುನೋವಿನಿಂದ ಕಣಕ್ಕಿಳಿಯಲೇ ಇಲ್ಲ. ನೊವಾಕ್ ಜೊಕೊವಿಚ್‌ಗೆ ಪ್ರಶಸ್ತಿ ಬಂತು, ಫೆಡರರ್ ರನ್ನರ್ ಅಪ್ ಎಂದು ದಾಖಲಾಯಿತು, ಆದರೆ ಆಡಿದ ಪಂದ್ಯಗಳ ಗೆಲುವು–ಸೋಲಿನ ಲೆಕ್ಕಕ್ಕೆ ಅದು ಬರುವುದಿಲ್ಲ. ಇಬ್ಬರೂ ಫೈನಲ್ ತಲುಪಿದ್ದು ನಿಜ, ಆಡಿದ್ದು ಸುಳ್ಳು. ಇದೇ ಕಾರಣಕ್ಕೆ ‘ಸೆಮಿಫೈನಲ್ ಗೆದ್ದು ಫೈನಲ್‌ಗೆ’ ಎಂದು ರೂಢಿಯಂತೆ ಬರೆಯುವಾಗಲೂ ಒಮ್ಮೆ ನೋಡಿಕೊಳ್ಳಬೇಕು. 2022ರ ವಿಂಬಲ್ಡನ್‌ನಲ್ಲಿ ರಾಫೆಲ್ ನಡಾಲ್ ಗಾಯದಿಂದ ಹಿಂದೆ ಸರಿದಾಗ ನಿಕ್ ಕಿರ್ಗಿಯೋಸ್ ಸೆಮಿಫೈನಲ್ ಆಡದೆಯೇ ಫೈನಲ್ ತಲುಪಿದರು. ‘ಪ್ರವೇಶಿಸಿದ’ ಅರ್ಥದಲ್ಲಿ ಸರಿಯಿದೆ. ‘ಲಗ್ಗೆ ಇಟ್ಟ’ ಆ ದಿನದ ಸುದ್ದಿಗೆ ಹೊಂದುತ್ತದೆ, ಪಟ್ಟಿಗಲ್ಲ.

‘ಫೈನಲ್ಸ್’ ಎಂಬ ಬಹುವಚನ ದಯವಿಟ್ಟು ಬೇಡ. ಎಟಿಪಿ ಫೈನಲ್ಸ್ ಎನ್ನುವುದು ವರ್ಷದ ಕೊನೆಯಲ್ಲಿ ಎಂಟು ಮಂದಿ ಆಡುವ ಟೂರ್ನಿಯ ಹೆಸರು. ‘ಫೈನಲ್ಸ್ ತಲುಪಿದ’ ಎಂದರೆ ಆ ಎಂಟರಲ್ಲಿ ಒಬ್ಬರಾದರು ಎಂದರ್ಥ. ಅದರ ಫೈನಲ್ ತಲುಪಲು ಇನ್ನೂ ಗುಂಪು ಹಂತ, ಸೆಮಿಫೈನಲ್ ದಾಟಬೇಕು. ಕನ್ನಡದಲ್ಲಿ ಸಂಖ್ಯೆ ಮುಂದೆ ಬಂದಾಗ ಬಹುವಚನದ ಹಂಗೂ ಇಲ್ಲ. ‘14 ಫೈನಲ್’ ಎಂದರೆ ಸಾಕು. ‘ಅಂತಿಮ ಸುತ್ತು’ ಎಂಬುದರಲ್ಲಿ ಬೇರೆ ತೊಂದರೆ ಇದೆ. ಅರ್ಹತಾ ಹಂತಕ್ಕೂ ಒಂದು ಅಂತಿಮ ಸುತ್ತು ಇರುತ್ತದೆ. ‘ಪ್ರಶಸ್ತಿ ಸುತ್ತು’ ಚೆಂದದ ಪದ. ಆದರೆ ಜಾಗ ಸಾಲದೆ ‘ಸುತ್ತು’ ಕತ್ತರಿಸಿದರೆ ‘12 ಪ್ರಶಸ್ತಿ’ ಉಳಿದುಬಿಡುತ್ತದೆ, 8 ಗೆದ್ದವರಿಗೆ 12 ಕೊಟ್ಟಂತಾಗುತ್ತದೆ.

ಗೆದ್ದವರ ಪಟ್ಟಿ, ತಲುಪಿದವರ ಪಟ್ಟಿ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಅಮೆರಿಕ ಓಪನ್ ಪುರುಷರ ಸಿಂಗಲ್ಸ್‌ಗಿಂತ ಒಳ್ಳೆಯ ಸಾಕ್ಷಿ ಇಲ್ಲ. ಓಪನ್ ಯುಗದಲ್ಲಿ (ವೃತ್ತಿಪರರಿಗೂ ದೊಡ್ಡ ಟೂರ್ನಿಗಳು ತೆರೆದ 1968ರಿಂದೀಚೆಗೆ) ಅತಿ ಹೆಚ್ಚು, ತಲಾ 5 ಪ್ರಶಸ್ತಿ ಗೆದ್ದವರು ಕಾನರ್ಸ್, ಪೀಟ್ ಸಾಂಪ್ರಾಸ್, ಫೆಡರರ್. ಅತಿ ಹೆಚ್ಚು ಫೈನಲ್ ತಲುಪಿದವರು ಮಾತ್ರ 4 ಪ್ರಶಸ್ತಿಯ ಜೊಕೊವಿಚ್: 10 ಸಲ. 1982ರಿಂದ 1989ರವರೆಗೆ ಬಿಡದೆ 8 ಫೈನಲ್ ತಲುಪಿದ ಇವಾನ್ ಲೆಂಡ್ಲ್ ಗೆದ್ದದ್ದು 3. ಎಂಟು ವರ್ಷ ಒಂದೇ ಟೂರ್ನಿಯ ಕೊನೆಯ ದಿನದವರೆಗೆ ಉಳಿಯುವುದು ಎಷ್ಟು ದೊಡ್ಡ ಸಾಧನೆ! ಗೆದ್ದವರ ಪಟ್ಟಿಯಲ್ಲಿ ಅದು ಕಾಣುವುದೇ ಇಲ್ಲ. ನಿಮ್ಮ ಪಟ್ಟಿಗೆ ಬೆಲೆ ಇರುವುದೇ ಇಂಥವರಿಂದ. ಆದ್ದರಿಂದ ‘ಫೈನಲ್’, ‘ಪ್ರಶಸ್ತಿ’ ಎರಡನ್ನೂ ಬೇರೆ ಬೇರೆ ಕಲಮುಗಳಲ್ಲಿ ಕೊಡಿ.

ಇನ್ನೆರಡು ಪದಗಳಲ್ಲಿ ಎಚ್ಚರ ಬೇಕು. ಒಂದು ‘ಅಜೇಯ’. ನಡಾಲ್ ರೋಲಂಡ್ ಗ್ಯಾರೋಸ್‌ನಲ್ಲಿ 14 ಫೈನಲ್ ತಲುಪಿ 14ನ್ನೂ ಗೆದ್ದರು. ಅಲ್ಲಿನ ಫೈನಲ್‌ಗಳಲ್ಲಿ ಅವರು ಅಜೇಯರು. ‘ರೋಲಂಡ್ ಗ್ಯಾರೋಸ್‌ನಲ್ಲಿ ಅಜೇಯ’ ಎಂದರೆ ಸುಳ್ಳಾಗುತ್ತದೆ: 2009ರಲ್ಲಿ ಸೋಡರ್ಲಿಂಗ್, 2015 ಮತ್ತು 2021ರಲ್ಲಿ ಜೊಕೊವಿಚ್, 2024ರಲ್ಲಿ ಜ್ವೆರೆವ್ ಎದುರು ಅವರು ಸೋತಿದ್ದಾರೆ. ‘ಆವೆಮಣ್ಣಿನ ಫೈನಲ್‌ಗಳಲ್ಲಿ ಅಜೇಯ’ ಎಂದರೂ ತಪ್ಪೇ. ಒಟ್ಟು 72 ಕ್ಲೇ ಫೈನಲ್‌ಗಳಲ್ಲಿ 63 ಗೆದ್ದು 9 ಸೋತಿದ್ದಾರೆ.

ಇನ್ನೊಂದು ‘ಸತತ’. 2005ರ ಏಪ್ರಿಲ್‌ನಿಂದ 2007ರ ಮೇ ತಿಂಗಳವರೆಗೆ ನಡಾಲ್ ಸತತ 81 ಪಂದ್ಯ ಗೆದ್ದದ್ದು ಆವೆಮಣ್ಣಿನ ಮೇಲೆ. ನಡುವೆ 2006ರ ವಿಂಬಲ್ಡನ್ ಫೈನಲ್ ಸೋತಿದ್ದರು, ಹಾರ್ಡ್ ಕೋರ್ಟಿನಲ್ಲೂ ಸೋತಿದ್ದರು. ‘ಸತತ’ ಎಂಬುದರ ಪಕ್ಕದಲ್ಲೇ ನೆಲದ ಹೆಸರು ಇರಬೇಕು, ಮುಂದಿನ ವಾಕ್ಯಕ್ಕೆ ತಳ್ಳಬಾರದು. ಆ ಸರಣಿಯನ್ನು ಮುರಿದದ್ದು ಹ್ಯಾಂಬರ್ಗ್ ಫೈನಲ್‌ನಲ್ಲಿ ಫೆಡರರ್, 2–6, 6–2, 6–0ರಿಂದ. ಎವರ್ಟ್ ಅವರ 125 ಪಂದ್ಯಗಳ ಸರಣಿಯೂ ಕ್ಲೇ ಮೇಲಿನದೇ. 1973ರ ಆಗಸ್ಟ್‌ನಲ್ಲಿ ಶುರುವಾದ ಅದು 1979ರ ಮೇ ತಿಂಗಳಲ್ಲಿ ರೋಮ್‌ನಲ್ಲಿ ಟ್ರೇಸಿ ಆಸ್ಟಿನ್ ಎದುರು ಮುಗಿಯಿತು.

‘ದಾಖಲೆವೀರ’ ಬದಲು ‘ದಾಖಲೆ ಇವರ ಹೆಸರಿನಲ್ಲಿದೆ’ ಎಂದರೆ ಗಂಡು–ಹೆಣ್ಣು ಇಬ್ಬರಿಗೂ ಹೊಂದುತ್ತದೆ, ಆಡಂಬರವೂ ಇಲ್ಲ. ಇಬ್ಬರು ಸಮಾನರಾದಾಗ ‘ಜಂಟಿ ದಾಖಲೆ’. ಓಪನ್ ಯುಗದಲ್ಲಿ ಪ್ಯಾರಿಸ್ ಮಹಿಳಾ ಸಿಂಗಲ್ಸ್ ಫೈನಲ್‌ಗಳ ದಾಖಲೆ ಹೀಗೆ ಜಂಟಿ: ಎವರ್ಟ್ 9, ಸ್ಟೆಫಿ ಗ್ರಾಫ್ 9. ಪ್ರಶಸ್ತಿಗಳಲ್ಲಿ ಎವರ್ಟ್ 7, ಗ್ರಾಫ್ 6.

ಉತ್ತರ 2:

ಸರ್, ನೀವು ಹೇಳಿದ್ದಕ್ಕೆ ಮೂರು ಸೇರ್ಪಡೆ.

‘ಓಪನ್ ಯುಗ’ ಎಂದು ಹಾಕದಿದ್ದರೆ ವಿಂಬಲ್ಡನ್ ಸಾಲೇ ತಪ್ಪುತ್ತದೆ. ಮಾರ್ಟಿನಾ ನವ್ರಾಟಿಲೋವಾ ಅಲ್ಲಿ 12 ಸಿಂಗಲ್ಸ್ ಫೈನಲ್ ತಲುಪಿ 9 ಗೆದ್ದಿದ್ದಾರೆ. ಆದರೆ ಬ್ಲಾಂಚ್ ಬಿಂಗ್ಲಿ 1885ರಿಂದ 1901ರೊಳಗೆ 13 ಫೈನಲ್‌ಗಳಲ್ಲಿದ್ದರು, 6 ಗೆದ್ದರು. ಇಲ್ಲಿ ‘ತಲುಪಿದ’ ಎಂಬ ಕ್ರಿಯಾಪದವೂ ಸ್ವಲ್ಪ ಸಡಿಲವಾಗುತ್ತದೆ. ಆ ಕಾಲದಲ್ಲಿ ಚಾಲೆಂಜ್ ರೌಂಡ್ ಪದ್ಧತಿ ಇತ್ತು. ಹಿಂದಿನ ವರ್ಷದ ಚಾಂಪಿಯನ್ ಬೇರೆ ಯಾವ ಪಂದ್ಯವನ್ನೂ ಆಡದೆ ಕಾದಿದ್ದು, ಉಳಿದವರಲ್ಲಿ ಗೆದ್ದು ಬಂದವರೊಂದಿಗೆ ನೇರವಾಗಿ ಆಡುತ್ತಿದ್ದರು. 1922ರಲ್ಲಿ ಅದು ರದ್ದಾಯಿತು. ಹಳೆಯ ಸಂಖ್ಯೆಗಳನ್ನು ಕೊಡುವುದಾದರೆ ‘ಚಾಲೆಂಜ್ ರೌಂಡ್ ಸೇರಿ’ ಎಂದು ಪಕ್ಕದಲ್ಲಿ ಬರೆಯುವುದು ಒಳ್ಳೆಯದು.

ಎರಡನೆಯದು ಹಾರ್ಡ್ ಕೋರ್ಟ್. ಹಳೆಯ ಬ್ರಿಟಿಷ್ ಬಳಕೆಯಲ್ಲಿ ಹುಲ್ಲಲ್ಲದ ಅಂಕಣಕ್ಕೆಲ್ಲ ಹಾರ್ಡ್ ಕೋರ್ಟ್ ಎನ್ನುತ್ತಿದ್ದರು, ಕ್ಲೇ ಸೇರಿ. 1912ರಲ್ಲಿ ಪ್ಯಾರಿಸ್ಸಿನಲ್ಲಿ ಶುರುವಾದ ವರ್ಲ್ಡ್ ಹಾರ್ಡ್ ಕೋರ್ಟ್ ಚಾಂಪಿಯನ್‌ಶಿಪ್ ನಡೆದದ್ದು ಕ್ಲೇ ಮೇಲೆ. 1968ರ ಏಪ್ರಿಲ್‌ನಲ್ಲಿ ಓಪನ್ ಯುಗಕ್ಕೆ ನಾಂದಿ ಹಾಡಿದ ಬೋರ್ನ್‌ಮತ್‌ನ ಬ್ರಿಟಿಷ್ ಹಾರ್ಡ್ ಕೋರ್ಟ್ ಚಾಂಪಿಯನ್‌ಶಿಪ್ ಕೂಡ ಕ್ಲೇ ಮೇಲಿನದೇ. ಕೆನ್ ರೋಸ್‌ವಾಲ್ ಅಲ್ಲಿ ರಾಡ್ ಲೇವರ್ ಅವರನ್ನು ಫೈನಲ್‌ನಲ್ಲಿ ಸೋಲಿಸಿದರು. ಹೆಸರನ್ನು ಹಾಗೇ ಇಟ್ಟು, ನೆಲದ ಕಲಮಿನಲ್ಲಿ ‘ಆವೆಮಣ್ಣು’ ಎಂದೇ ತುಂಬಬೇಕು.

ಮೂರನೆಯದು ಡಬಲ್ಸ್. ನಮ್ಮ ಕೊಡಗಿನ ರೋಹನ್ ಬೋಪಣ್ಣ ಅವರ ಗ್ರ್ಯಾಂಡ್ ಸ್ಲಾಮ್ (ಆಸ್ಟ್ರೇಲಿಯನ್, ಫ್ರೆಂಚ್, ಅಮೆರಿಕ ಓಪನ್, ವಿಂಬಲ್ಡನ್ ಎಂಬ ನಾಲ್ಕು ದೊಡ್ಡ ಟೂರ್ನಿಗಳ) ಫೈನಲ್‌ಗಳನ್ನು ನೆಲದ ಪ್ರಕಾರ ವಿಂಗಡಿಸಿದರೆ ಹಾರ್ಡ್ ಕೋರ್ಟಿನಲ್ಲಿ 5, ಆವೆಮಣ್ಣಿನಲ್ಲಿ 1, ಹುಲ್ಲಿನಲ್ಲಿ ಇಲ್ಲ. ಪುರುಷರ ಡಬಲ್ಸ್‌ನಲ್ಲಿ 2010 ಮತ್ತು 2023ರ ಅಮೆರಿಕ ಓಪನ್, 2024ರ ಆಸ್ಟ್ರೇಲಿಯನ್ ಓಪನ್. ಮಿಶ್ರ ಡಬಲ್ಸ್‌ನಲ್ಲಿ 2018 ಮತ್ತು 2023ರ ಆಸ್ಟ್ರೇಲಿಯನ್ ಓಪನ್, 2017ರ ಫ್ರೆಂಚ್ ಓಪನ್. ಪ್ಯಾರಿಸ್ಸಿನ ಆ ಒಂದೇ ಫೈನಲ್‌ನಲ್ಲಿ ಗೇಬ್ರಿಯೇಲಾ ಡಬ್ರೋವ್‌ಸ್ಕಿ ಜೊತೆ ಗೆದ್ದರು, 2024ರಲ್ಲಿ ಮ್ಯಾಥ್ಯೂ ಎಬ್ಡೆನ್ ಜೊತೆ ಗೆದ್ದರು. ಒಟ್ಟು 6 ಫೈನಲ್‌ಗೆ 5 ಜೊತೆಗಾರರು. ಹಾಗಾಗಿ ಡಬಲ್ಸ್‌ನಲ್ಲಿ ಆಟಗಾರರ ದಾಖಲೆ, ಜೋಡಿಯ ದಾಖಲೆ ಬೇರೆ ಬೇರೆಯೇ ಆಗಬೇಕು. ಆಟಗಾರರಾಗಿ ಬೋಪಣ್ಣ ಅವರಿಗೆ 6. ಬೋಪಣ್ಣ–ಎಬ್ಡೆನ್ ಜೋಡಿಗೆ 2. ‘ಜೋಡಿ’ ಎಂದ ಮೇಲೆ ಇಬ್ಬರೂ ಅವರೇ ಇರಬೇಕಲ್ಲವೇ?

ಮರುಪ್ರಶ್ನೆ:

ಇಬ್ಬರಿಗೂ ತುಂಬಾ ಧನ್ಯವಾದ. ಕೊನೆಯದಾಗಿ ತಲೆಬರಹ ಹೇಗಿರಬೇಕು? ಈಗ ದೊಡ್ಡ ಟೂರ್ನಿಗಳಲ್ಲಿ ಇಲ್ಲದ ಕಾರ್ಪೆಟ್ (ನೆಲಹಾಸಿನ) ಅಂಕಣಕ್ಕೆ ಕಲಮು ಬೇಕೇ?

ಉತ್ತರ 1:

ತಲೆಬರಹ: ‘ಒಂದೇ ಬಗೆಯ ಅಂಕಣದಲ್ಲಿ ಅತಿ ಹೆಚ್ಚು ಸಲ ಫೈನಲ್ ತಲುಪಿದವರು’. ಅದರ ಕೆಳಗೆ ಚಿಕ್ಕ ಅಕ್ಷರದಲ್ಲಿ: ‘ಪುರುಷರ ಸಿಂಗಲ್ಸ್, ಓಪನ್ ಯುಗ, ಎಲ್ಲ ಟೂರ್ನಿಗಳು ಸೇರಿ’. ಗ್ರ್ಯಾಂಡ್ ಸ್ಲಾಮ್ ಮಾತ್ರವಾದರೆ ಹಾಗೆಂದು. ಒಲಿಂಪಿಕ್ಸ್ ಸೇರಿಸಿದ್ದೀರೋ ಇಲ್ಲವೋ ಎನ್ನುವುದೂ ಅಲ್ಲೇ ಬರಲಿ, ಇಲ್ಲದಿದ್ದರೆ ಫೆಡರರ್ ಅವರ ಹುಲ್ಲಿನ ಲೆಕ್ಕ ಒಬ್ಬರಿಗೆ 26, ಇನ್ನೊಬ್ಬರಿಗೆ 27 ಆಗುತ್ತದೆ. ‘ಅತ್ಯಧಿಕ’, ‘ಗರಿಷ್ಠ’ ಎರಡಕ್ಕಿಂತ ‘ಅತಿ ಹೆಚ್ಚು’ ಹಗುರ. ‘ಗರಿಷ್ಠ’ ಎಂದರೆ ಅದಕ್ಕಿಂತ ಮೇಲೆ ಹೋಗಲು ಬರುವುದಿಲ್ಲ ಎಂಬ ಮಿತಿಯ ಅರ್ಥವೂ ಇಣುಕುತ್ತದೆ.

ಕಾರ್ಪೆಟ್ ಕಲಮು ಇರಲಿ. ಪುರುಷರ ಎಟಿಪಿ ಟೂರ್‌ನಲ್ಲಿ 2009ರಿಂದ ಕಾರ್ಪೆಟ್ ಬಳಕೆ ನಿಂತಿದೆ. 1970–80ರ ದಶಕಗಳ ಒಳಾಂಗಣ ಟೂರ್ನಿಗಳಲ್ಲಿ ಬಹಳಷ್ಟು ಅದರ ಮೇಲೇ ನಡೆದಿರುವುದರಿಂದ ಅದನ್ನು ಬಿಟ್ಟರೆ ಜಾನ್ ಮೆಕೆನ್ರೋ ಅಂಥವರ ಫೈನಲ್‌ಗಳು ಪಟ್ಟಿಯಿಂದಲೇ ಮಾಯವಾಗುತ್ತವೆ. ಅವನ್ನು ‘ಹಾರ್ಡ್ ಕೋರ್ಟ್, ಒಳಾಂಗಣ’ ಎಂದು ತುಂಬಬೇಡಿ. ಜೊಕೊವಿಚ್ ಅವರಂತೆ ಇನ್ನೂ ಆಡುತ್ತಿರುವವರ ಸಾಲಿನಲ್ಲಿ ‘2025ರ ಅಂತ್ಯದವರೆಗೆ’ ಎಂಬಂತೆ ಅವಧಿ ಹಾಕಿ. ನಿವೃತ್ತರ ಸಾಲಿನಲ್ಲಿ ಅದು ಬೇಕಿಲ್ಲ.